ಒಟ್ಟಿಗೆ ಮಗುಚಿದ ಎರಡು ಹಾಳೆ

ಬಲಗೈ ಹೆಬ್ಬೆರಳಿಗೆ ಮಸಿ ಹತ್ತಿದೆಯೇನೋ ಎಂದು ಜಲಜ ಬೆಳಿಗ್ಗೆಯಿಂದ ನಾಲ್ಕು ಸಲ ನೋಡಿಕೊಂಡಿದ್ದಳು. ಮಸಿ ಇರಲಿಲ್ಲ. ಇರುವುದಕ್ಕೆ ಕಾರಣವೂ ಇರಲಿಲ್ಲ. ಅವಳು ಹೆಬ್ಬೆಟ್ಟು ಒತ್ತುವವರ ಕಡೆಯವಳಲ್ಲ, ಒತ್ತಿಸಿಕೊಳ್ಳುವವರ ಕಡೆಯವಳು. ಹದಿಮೂರು ವರ್ಷದಿಂದ ಕುಂದಾಪುರದ ದಸ್ತಾವೇಜು ಬರಹಗಾರ ಭೋಜರಾಜರ ಕೋಣೆಯಲ್ಲಿ, ಮೊದಲು ಟೈಪ್‌ರೈಟರು ಆಮೇಲೆ ಕಂಪ್ಯೂಟರು ಕುಟ್ಟುತ್ತ, ಊರವರ ಗದ್ದೆ ಬಾವಿ ಹಿತ್ತಿಲುಗಳನ್ನೆಲ್ಲ ಮೂಡಕ್ಕೆ ಇಂಥವರ ಹಕ್ಕಿನ ಜಾಗ, ಪಡುವಕ್ಕೆ ಸಮುದ್ರ ಎಂದು ಹಾಳೆಗೆ ಇಳಿಸಿದವಳು. ಆದರೂ ಇವತ್ತು ಕೋರ್ಟಿನ ಕಟ್ಟಡದಲ್ಲಿ, ರಾಜಿ ಮಾತುಕತೆ ನಡೆಯುವ ಕೋಣೆಯ ಹೊರಗಿನ ಬೆಂಚಿನ ಮೇಲೆ ಕುಳಿತು, ಮತ್ತೊಮ್ಮೆ ಸೆರಗಿನ ಅಂಚಿಗೆ ಬೆರಳು ಒರೆಸಿದಳು. ಪಕ್ಕದಲ್ಲಿ ಕುಳಿತಿದ್ದ ಮುದುಕ ಅದನ್ನು ನೋಡಿದ. ನೋಡಿದ ಎಂದು ಗೊತ್ತಾದ ಕೂಡಲೇ ಕೈಯನ್ನು ಊಟದ ಚೀಲದ ಕೆಳಗೆ ಇಟ್ಟುಕೊಂಡಳು. ಚೀಲದಲ್ಲಿ ಮಗಳು ಪ್ರಜ್ಞಾ ಶಾಲೆಗೆ ಒಯ್ಯಲು ಮರೆತ ಡಬ್ಬಿಯೂ ಇತ್ತು. ಹತ್ತನೆಯ ತರಗತಿಯ ಹುಡುಗಿ ಹಸಿದುಕೊಂಡು ಕೂತಿರುತ್ತಾಳೆ, ತಾಯಿ ಅವಳ ಊಟವನ್ನು ಮಡಿಲಲ್ಲಿಟ್ಟುಕೊಂಡು ಸುಳ್ಳು ಹೇಳುವುದಕ್ಕೆ ಸರದಿ ಕಾಯುತ್ತಿದ್ದಾಳೆ.

ಸುಳ್ಳೆಂದರೆ ದೊಡ್ಡದೇನಲ್ಲ. ಭೋಜರಾಜರು ಬೆಳಿಗ್ಗೆ ಬೀಗ ತೆಗೆಯುತ್ತಲೇ ಅದನ್ನು ಅಳೆದು ತುಂಡು ಮಾಡಿ ಕೊಟ್ಟಿದ್ದರು. "ನಾಕೇ ಮಾತ್ ಜಲಜ. ಓದಿದೆ. ಹೇಳಿದೆ. ಅವ್ರ್ ತಿಳ್ಕಂಡ್ರ್. ಒತ್ತಿದ್ರ್. ಐದ್ನೇ ಮಾತ್ ಬಾಯಗ್ ಬಪ್ಪುಕಿಲ್ಲೆ, ಕಂಡ್ಯಾ?" ಅವರು ಕೆಟ್ಟ ಮನುಷ್ಯರಾಗಿದ್ದರೆ ಎಷ್ಟು ಸುಲಭವಿತ್ತು. ಪ್ರಜ್ಞಾಳಿಗೆ ಕಾಮಾಲೆಯಾದಾಗ ಹದಿನೈದು ದಿನ ಮನೆಯಲ್ಲಿ ಕೂತರೂ ಸಂಬಳ ಹಿಡಿಯಲಿಲ್ಲ. ಮುಂಬೈ ಹೋಟೆಲಿನಲ್ಲಿರುವ ಗಂಡ ಎಂಟು ತಿಂಗಳು ಪತ್ತೆಯಿಲ್ಲದೆ ಹೋದಾಗ, ಭೋಜರಾಜರು ಅದರ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹಾಗೆ ಕೇಳದೆ ಇದ್ದವರಿಗೆ ನಾಲ್ಕು ಮಾತು ಕೊಡಬೇಕಾಗುತ್ತದೆ. ಅಷ್ಟಕ್ಕೂ ಆ ನಾಲ್ಕು ಮಾತನ್ನು ಅವಳು ಆಗಲೇ ಕೊಟ್ಟಾಗಿತ್ತು. ಕಳೆದ ವರ್ಷ ದೀಪಾವಳಿ ಮುಗಿದ ವಾರ ಬರೆದ ಲೀಸ್ ಕರಾರಿನ ಕೊನೆಯ ಹಾಳೆಯಲ್ಲಿ, ಬೀಜಾಡಿಯ ಬಾಗಿ ಎಂಬ ಮುದುಕಿಯ ಹೆಬ್ಬೆಟ್ಟಿನ ಕೆಳಗೆ, 'ಮೇಲಿನ ಕರಾರನ್ನು ಪೂರ್ತಿ ಓದಿ ಹೇಳಿ, ಅರ್ಥ ಮಾಡಿಸಿ, ಒಪ್ಪಿಗೆಯ ಮೇರೆಗೆ ಹೆಬ್ಬೆಟ್ಟು ಒತ್ತಿಸಲಾಗಿದೆ' ಎಂಬ ಸಾಲಿತ್ತು. ಅದರ ಕೆಳಗೆ ಅವಳದೇ ದುಂಡು ಸಹಿ. ಅಷ್ಟು ದುಂಡಗೆ ಯಾಕೆ ಬರೆದೆ ಎಂದು ಈಗ ಅನಿಸುತ್ತಿತ್ತು. ತಪ್ಪು ಮಾಡುವ ಕೈ ನಡುಗಬೇಡವೇ.

ಕರಾರು ಇಷ್ಟೇ. ಬಾಗಿಗೆ ಸಮುದ್ರದ ಬದಿಯಲ್ಲಿ ಇಪ್ಪತ್ತು ಸೆಂಟ್ಸ್ ಹೊಯಿಗೆ ಜಾಗ, ಬರೀ ಮರಳು. ಅದರಲ್ಲಿ ಹನ್ನೆರಡನ್ನು ಜಿತೇಂದ್ರ ಎಂಬವನಿಗೆ, ಪ್ರವಾಸಿಗರಿಗಾಗಿ ನಾಲ್ಕು ಕಾಟೇಜು ಕಟ್ಟಿಕೊಳ್ಳಲು ಮೂವತ್ತು ವರ್ಷಕ್ಕೆ ಬಿಟ್ಟುಕೊಡುವುದು. ಉಳಿದ ಎಂಟರಲ್ಲಿ ಅವಳ ಮನೆ, ಮನೆಯ ಮುಂದೆ ಅವಳು ಐವತ್ತು ವರ್ಷದಿಂದ ಮೀನು ಒಣಗಿಸುವ ಅಂಗಳ, ಅಲ್ಲಿಂದ ಗಾಳಿಮರಗಳ ನಡುವೆ ನೀರಿನವರೆಗೆ ಹೋಗುವ ಕಾಲುದಾರಿ. ಆ ಎಂಟು ಸೆಂಟ್ಸಿಗೆ ಕರಾರು ಕೈ ಹಾಕುತ್ತದೆಂದು ಬಾಗಿಗೆ ಗೊತ್ತಾದದ್ದು ಈ ಮಳೆಗಾಲ ಕಳೆದ ಮೇಲೆ, ಕಾಲುದಾರಿಗೆ ಕಬ್ಬಿಣದ ಗೇಟು ಬಿದ್ದು, ಮೀನು ಒಣಗಿಸುವುದನ್ನು ನಿಲ್ಲಿಸಬೇಕೆಂದು ನೋಟೀಸು ಬಂದಾಗ. ಅದು ಒಂಬತ್ತನೆಯ ಷರತ್ತು. ನಾಲ್ಕನೆಯ ಹಾಳೆಯ ತಲೆಯಲ್ಲೇ ಇತ್ತು. ಜಲಜ ಅದನ್ನು ಓದಿರಲಿಲ್ಲ.

ಯಾರೂ ಓದಬೇಡ ಎಂದಿರಲಿಲ್ಲ. ಅದೇ ಅವಳನ್ನು ಈ ಒಂದು ತಿಂಗಳು ಬೇಯಿಸಿದ ಸಂಗತಿ. ಲಂಚ ಮುಟ್ಟಿರಲಿಲ್ಲ, ಹೆದರಿಸಿರಲಿಲ್ಲ, ಕಣ್ಣುಸನ್ನೆಯೂ ಇರಲಿಲ್ಲ. ಆ ದಿನ ಮಧ್ಯಾಹ್ನ ಬಾಗಿ ಕೋಣೆಗೆ ಬಂದಾಗ ಅವಳಿಗಿಂತ ಮೊದಲು ಅವಳ ವಾಸನೆ ಒಳಗೆ ಬಂದಿತ್ತು. ಅರ್ಧ ಒಣಗಿದ ಬೈಗೆ ಮೀನಿನ, ಉಪ್ಪಿನ, ಬೆವರಿನ ವಾಸನೆ. ಅಂಗಳದಲ್ಲಿ ಹರವಿದ್ದನ್ನು ಮಗುಚಿ ಹಾಕಿ ಹಾಗೇ ಬಸ್ಸು ಹತ್ತಿದ್ದಳೆಂದು ಕಾಣುತ್ತದೆ, ಮೊಣಕೈಯಲ್ಲಿ ಒಂದು ಬೆಳ್ಳಿ ಬಣ್ಣದ ಸಿಪ್ಪೆ ಅಂಟಿಕೊಂಡಿತ್ತು. ಬಿಳಿ ಶರ್ಟಿನ ಜಿತೇಂದ್ರ ಕರ್ಚೀಫು ತೆಗೆದು ಮೂಗಿನ ಹತ್ತಿರ ಹಿಡಿದ. ಬಹಳ ಮರ್ಯಾದೆಯಿಂದ ಹಿಡಿದ, ನೆಗಡಿಯಾದವನ ಹಾಗೆ. ಭೋಜರಾಜರು ಎದ್ದು ಫ್ಯಾನು ಜೋರು ಮಾಡಿದರು. ಜಲಜ ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿದಳು. ಯಾಕೆಂದರೆ ಅವಳಿಗೆ ಗುರುತು ಹತ್ತಿತ್ತು. ಬೀಜಾಡಿಯಲ್ಲಿ ಅವಳ ತವರುಮನೆಯಿಂದ ತೆಂಕಕ್ಕೆ ಎರಡನೆಯ ಮನೆ. ಬಾಗಿ ದೊಡ್ಡಮ್ಮ. ತಾಯಿ ಪದ್ದು ಬುಟ್ಟಿ ಹೊತ್ತು ಕೋಟೇಶ್ವರದ ಓಣಿಗಳಲ್ಲಿ ಮೀನು ಮಾರಲು ಹೋದಾಗ ಇವಳಿಗೆ ಗಂಜಿ ಬಡಿಸಿದವಳು. ಪದ್ದು ಸತ್ತು, ಮನೆ ಅಣ್ಣನ ಪಾಲಾಗಿ, ಜಲಜ ಆ ದಾರಿ ತುಳಿಯದೆ ಹದಿನೆಂಟು ವರ್ಷ ಆಗಿತ್ತು. ಈ ಕೋಣೆಯಲ್ಲಿ ಯಾರಿಗೂ ಅವಳು ಬೀಜಾಡಿಯವಳೆಂದು ಗೊತ್ತಿರಲಿಲ್ಲ. ಕೇಳಿದರೆ ಕೋಟೇಶ್ವರ ಎನ್ನುತ್ತಿದ್ದಳು. ಕೋಟೇಶ್ವರ ಹತ್ತಿರವೇ ಇತ್ತು, ಪೂರ್ತಿ ಸುಳ್ಳೂ ಅಲ್ಲ.

ಹಿಂದೊಂದು ದಿನ ಶಾಲೆಯಲ್ಲಿ ಆರನೆಯ ತರಗತಿಯ ಬೆಂಚಿನ ಮೇಲೆ, ಜಲಜಳ ಪಕ್ಕದ ಹುಡುಗಿ ತನ್ನ ಪುಸ್ತಕವನ್ನು ಮೆಲ್ಲನೆ ಆಚೆಗೆ ಸರಿಸಿಕೊಂಡಳು. ಬೈಯಲಿಲ್ಲ, ನಗಲಿಲ್ಲ, ಬರೀ ಸರಿಸಿಕೊಂಡಳು. ಅವತ್ತಿನಿಂದ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಲಿಂಬೆ ಸಿಪ್ಪೆ ತಿಕ್ಕಿ ಕೈ ತೊಳೆಯುವುದು, ಉಗುರಿನ ಸಂದಿಗೆ ಕಡ್ಡಿ ಹಾಕುವುದು, ಶಾಲೆಯ ಗೇಟಿನ ಹತ್ತಿರ ಬಂದಾಗ ಹೋಯ್ಕ್ ಬರ್ಕ್ ಎನ್ನುವ ಮಾತನ್ನೆಲ್ಲ ಒಳಗೆ ಮಡಚಿಟ್ಟು ಹೋಗಬೇಕು, ಬರಬೇಕು ಎನ್ನುವುದು. ಭಾಷೆಗೂ ವಾಸನೆ ಇರುತ್ತದೆ ಎಂದು ಹನ್ನೊಂದು ವರ್ಷಕ್ಕೇ ಅವಳಿಗೆ ಗೊತ್ತಾಗಿಬಿಟ್ಟಿತ್ತು. ಅದೂ ತೊಳೆದರೆ ಹೋಗುತ್ತದೆ. ಪೂರ್ತಿ ಹೋಗುವುದಿಲ್ಲ, ಆದರೆ ಫ್ಯಾನು ಜೋರಾಗಿದ್ದರೆ ಗೊತ್ತಾಗುವುದಿಲ್ಲ.

"ಅಮ್ಮ, ಕೂಕಣಿ. ನಮ್ ಹುಡುಗಿ ಓದಿ ಹೇಳತ್ತ್," ಎಂದಿದ್ದರು ಭೋಜರಾಜರು. ನಲವತ್ತರ ಹತ್ತಿರದ ಹುಡುಗಿ ಎದ್ದು ಹಾಳೆ ತೆಗೆದುಕೊಂಡಳು. ಬಾಗಿ ಅವಳ ಮುಖವನ್ನು ನೋಡಿದಳು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ನೋಡಿದಳು. ಜಲಜ ಆ ನೋಟ ತನ್ನ ಮೇಲಿಂದ ನೀರಿನ ಹಾಗೆ ಹರಿದುಹೋಗಲೆಂದು ಮುಖವನ್ನು ಖಾಲಿ ಮಾಡಿಕೊಂಡು ನಿಂತಳು. ಆಮೇಲೆ ಓದಲು ಶುರು ಮಾಡಿದಳು. 'ಈ ಕೆಳಗೆ ಷೆಡ್ಯೂಲಿನಲ್ಲಿ ವಿವರಿಸಿದ ಸ್ಥಿರಾಸ್ತಿಯನ್ನು...' ಬೇಗ ಬೇಗ, ಅಚ್ಚಿನ ಕನ್ನಡದಲ್ಲಿ, ರೇಡಿಯೋದವರ ಹಾಗೆ. ಬಾಗಿ ಎದುರಿಗೆ ಕಾಲು ಮಡಚಿ ಕುಳಿತು, ಕಥೆ ಕೇಳುವವರ ಹಾಗೆ ಪ್ರತಿ ಸಾಲಿಗೂ ಹ್ಞೂಂ ಎನ್ನುತ್ತಿದ್ದಳು. ಅರ್ಥವಾಗುತ್ತಿಲ್ಲ ಎಂದು ಜಲಜಳಿಗೆ ಗೊತ್ತಿತ್ತು. ಒಂದು ಸಲ ನಿಲ್ಲಿಸಿ, ದೊಡ್ಡಮ್ಮ, ಅಂದ್ರೆ ಎಂತ ಗೊತ್ತಿತ್ತಾ, ಎಂದಿದ್ದರೆ ಸಾಕಿತ್ತು. ಹಾಗೆಂದಿದ್ದರೆ ಜಿತೇಂದ್ರ ಕರ್ಚೀಫನ್ನು ಒಂದಿಂಚು ಇವಳ ಕಡೆಗೂ ತಿರುಗಿಸುತ್ತಿದ್ದ.

ಮೂರನೆಯ ಹಾಳೆ ಮುಗಿಯುತ್ತ ಬಂದಾಗ ಮುಂದಿನ ಹಾಳೆಯ ಮೊದಲ ಸಾಲು ಕಣ್ಣಮುಂದೆ ಎದ್ದು ನಿಂತಿತು. ಅವಳೇ ಟೈಪು ಮಾಡಿದ ಸಾಲು. ಭೋಜರಾಜರು 'ಮೀನಿನ ನಾತ' ಎಂದು ಹೇಳಿ ಬರೆಸಿದ್ದನ್ನು, ದಸ್ತಾವೇಜಿಗೆ ಒಪ್ಪುವುದಿಲ್ಲ ಎಂದು ತಾನೇ 'ದುರ್ವಾಸನೆ' ಎಂದು ತಿದ್ದಿದ್ದಳು. ಎಷ್ಟು ಲಾಯಕ್ಕಾಯಿತು ಎಂದು ಅವರು ಮೆಚ್ಚಿದ್ದರು. ಆ ಮಾತನ್ನು ಈಗ ಬಾಗಿ ದೊಡ್ಡಮ್ಮನ ಮುಖಕ್ಕೆ ಓದಬೇಕು, ಆ ಮೊಣಕೈಯ ಬೆಳ್ಳಿ ಸಿಪ್ಪೆಯನ್ನು ನೋಡುತ್ತ ಓದಬೇಕು. ಬೆರಳು ಹಾಳೆಯ ಅಂಚಿಗೆ ಹೋಯಿತು. ಎರಡು ಹಾಳೆ ಒಟ್ಟಿಗೆ ಸಿಕ್ಕಿತು. ಬಿಡಿಸಬಹುದಿತ್ತು. ಒಟ್ಟಿಗೇ ಮಗುಚಿದಳು. ಕೊನೆಯ ಹಾಳೆಯನ್ನು ಮೊದಲಿಗಿಂತ ಸ್ಪಷ್ಟವಾಗಿ, ನಿಧಾನವಾಗಿ ಓದಿದಳು. ಭೋಜರಾಜರ ಪೆನ್ನು ಮೇಜಿನ ಮೇಲೆ ಒಂದು ಸಲ ಟಕ್ಕೆಂದಿತು, ಅಷ್ಟೇ. ಆಮೇಲೆ ಅವರು ಬಾಗಿಯ ಹೆಬ್ಬೆರಳು ಹಿಡಿದು ಮಸಿಯ ಮೆತ್ತೆಗೆ ಒತ್ತಿ, ಹಾಳೆಗೆ ಒತ್ತಿ, ಮತ್ತೆ ಮೆತ್ತೆಗೆ, ಮತ್ತೆ ಮುಂದಿನ ಹಾಳೆಗೆ. ಶೆಟ್ಲಿಯನ್ನು, ಎಂದರೆ ಸಿಗಡಿಯನ್ನು, ಸುಲಿದು ಸುಲಿದು ಸವೆದ ಬೆರಳಾದ್ದರಿಂದ ಗೆರೆ ಸರಿಯಾಗಿ ಮೂಡದೆ ಎರಡೆರಡು ಸಲ ಒತ್ತಬೇಕಾಯಿತು. "ಈ ಬೆರ್ಳಗ್ ಗೆರಿ ಉಳುಕ್ ಬಿಟ್ರಲ್ದಾ ಆ ಶೆಟ್ಲಿ," ಎಂದು ಬಾಗಿ ನಕ್ಕಿದ್ದಳು. ಯಾರೂ ನಗಲಿಲ್ಲ.

"ಜಲಜ ಅಂದ್ರೆ ನೀವೇಯಾ?"

ಕೋರ್ಟಿನ ಬೆಂಚಿನಲ್ಲಿ ತಲೆ ಎತ್ತಿದರೆ ಕರಿ ಕೋಟಿನ ಸಣ್ಣ ಹೆಂಗಸು. ಬಾಗಿಯ ಪರವಾಗಿ ಕಾನೂನು ನೆರವಿನವರು ಕೊಟ್ಟ ವಕೀಲೆ, ಧನ್ಯಶ್ರೀ. ಅವಳ ಹಿಂದೆ ಬಾಗಿ. ಒಗೆದ ಸೀರೆ, ತಲೆಗೆ ಎಣ್ಣೆ. ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಜಲಜಳನ್ನು ನೋಡದೆ ಗೋಡೆಯ ಮೇಲಿನ ಕ್ಯಾಲೆಂಡರನ್ನು, ಅಕ್ಷರ ಬರುವವಳ ಹಾಗೆ, ನೋಡುತ್ತಿದ್ದಳು. ಗುರುತು ಸಿಕ್ಕಿಲ್ಲ ಎಂದು ಜಲಜಳ ಎದೆ ಹಗುರವಾಯಿತು. ಹಗುರವಾದ ಕೂಡಲೇ ಅದಕ್ಕಾಗಿ ನಾಚಿಕೆಯಾಯಿತು. ಗುರುತು ಸಿಕ್ಕರೆ ಈಗಲೇ, ಇಷ್ಟು ಜನರ ಮುಂದೆ, ಹ್ವಾಯ್, ನೀ ನಮ್ ಪದ್ದು ಮಗ್ಳಲ್ದಾ, ಎಂದುಬಿಡುತ್ತಾಳೆ. ಆ ಭಯ ಕೆಲಸ ಹೋಗುವ ಭಯಕ್ಕಿಂತ ದೊಡ್ಡದಿದ್ದುದನ್ನು ಜಲಜ ತಾನೇ ಬೇರೆಯವಳೆಂಬಂತೆ ನಿಂತು ನೋಡಿದಳು.

ಒಳಗೆ ಉದ್ದನೆಯ ಮೇಜು. ಆ ತುದಿಯಲ್ಲಿ ರಾಜಿ ಮಾಡಿಸುವ ಹಿರಿಯ ವಕೀಲರು, ಕಿವಿಯ ಮೇಲೆ ಬಿಳಿ ಕೂದಲು. ಈ ಕಡೆ ಜಿತೇಂದ್ರ, ಭೋಜರಾಜರು. ಆ ಕಡೆ ಧನ್ಯಶ್ರೀ, ಬಾಗಿ. ಜಲಜಳಿಗೆ ಕೊನೆಯ ಕುರ್ಚಿ, ಯಾವ ಕಡೆಗೂ ಸೇರದ್ದು. ಜಿತೇಂದ್ರ ಮೊದಲು ಮಾತಾಡಿದ. ಅವನೂ ಸಾಲ ಮಾಡಿ ಕಟ್ಟಿದವನಂತೆ, ಬರುವ ಗಿರಾಕಿಗಳು ವಾಸನೆ ಎಂದು ಅರ್ಧ ದಿನಕ್ಕೇ ಕೋಣೆ ಬಿಟ್ಟು ಹೋಗುತ್ತಾರಂತೆ. "ನಾನು ಕದ್ದು ಬರೆಸಿಲ್ಲ ಸಾರ್. ಎಲ್ಲ ಅದರಲ್ಲಿದೆ. ಓದಿ ಹೇಳಿದ್ದಾರೆ, ಒತ್ತಿದ್ದಾರೆ. ಒತ್ತಿದ ಮೇಲೆ ಗೊತ್ತಿರಲಿಲ್ಲ ಅಂದರೆ ನಾಳೆ ಯಾರು ಯಾರನ್ನು ನಂಬುವುದು?"

ಮಾತಿನಲ್ಲಿ ನ್ಯಾಯವಿತ್ತು. ಜಲಜ ಅದನ್ನು ಹಿಡಿದುಕೊಂಡಳು. ಆಗ ಧನ್ಯಶ್ರೀ, ಜಗಳದ ದನಿಯಿಲ್ಲದೆ, ಎದುರಿಗಿನ ಹಾಳೆಗಳ ಮೇಲೆ ಕೈಯಿಟ್ಟು ಹೇಳಿದಳು: "ಇಬ್ಬರೂ ಸರಿಸಮ ಇದ್ದರೆ ಆ ಮಾತು ಸರಿ ಸಾರ್. ಇಲ್ಲಿ ಬರೆಸಿದವರು ಅವರು, ಬರೆದವರು ಅವರ ಜನ, ಓದಿದವರೂ ಅವರ ಜನ. ಈ ಅಮ್ಮನ ಕಡೆ ಇದ್ದದ್ದು ಒಂದು ಹೆಬ್ಬೆರಳು ಮಾತ್ರ. ಹಾಗಿದ್ದಾಗ ನನಗೆ ತಿಳಿಯಲಿಲ್ಲ ಅಂತ ಇವರು ಸಾಬೀತು ಮಾಡಬೇಕಾಗಿಲ್ಲ. ತಿಳಿಸಿದ್ದೇವೆ ಅಂತ ಅವರು ಸಾಬೀತು ಮಾಡಬೇಕು. ಎಲ್ಲ ಸೇರಿ ಈ ಒಂದು ಸಾಲಿನ ಮೇಲೆ ನಿಂತಿದೆ, ಈ ಜಲಜ ಅನ್ನುವವರ ಸಹಿಯ ಮೇಲೆ. ಒಂದು ಹಾಳೆ ಓದಲೇ ಇಲ್ಲ ಅನ್ನುತ್ತಾರೆ ಅಮ್ಮ. ಓದಿದವರು ಯಾರು ಅಂತ ಕೇಳಿದರೆ, ಯಾರೋ ಒಂದ್ ಹೆಣ್ಣ್, ಗುರ್ತಿಲ್ಲೆ ಅನ್ನುತ್ತಾರೆ."

"ಹೌದನಾ ಅಮ್ಮ?" ಹಿರಿಯರು ಬಾಗಿಯನ್ನು ಕೇಳಿದರು.

"ಹೌದ್," ಎಂದಳು ಬಾಗಿ. ಜಲಜಳ ಕಡೆ ತಿರುಗದೆ ಹೇಳಿದಳು.

ಹಿರಿಯರು ಹಾಳೆಗಳನ್ನು ಜಲಜಳ ಕಡೆ ಸರಿಸಿದರು. "ಒಂದು ಕೆಲಸ ಮಾಡಿ. ಅವತ್ತು ಹೇಗೆ ಓದಿದಿರೋ ಹಾಗೇ ಓದಿ. ಅವಸರ ಬೇಡ, ನಿಧಾನವೂ ಬೇಡ. ಹಾಗೇ."

ಇದನ್ನು ಭೋಜರಾಜರು ಎಣಿಸಿರಲಿಲ್ಲ. ನಾಲ್ಕು ಮಾತು ಕೊಟ್ಟು ಕಳಿಸಿದ್ದರು, ಐದು ಹಾಳೆ ಎದುರಿಗೆ ಬಿದ್ದಿತ್ತು. ಜಲಜ ಶುರು ಮಾಡಿದಳು. ದನಿ ತಾನಾಗಿ ಆ ರೇಡಿಯೋದ ದನಿಯಾಯಿತು. ಒಂದನೆಯ ಹಾಳೆ, ಎರಡನೆಯ ಹಾಳೆ. ಮೇಜಿನ ಆ ಬದಿಯಿಂದ ಮತ್ತೆ ಅದೇ ಹ್ಞೂಂ ಕೇಳತೊಡಗಿತು, ಹ್ಞೂಂ, ಹ್ಞೂಂ, ಅದೇ ಲಯ. ಚಿಕ್ಕಂದಿನಲ್ಲಿ ಗಂಜಿ ಉಂಡು ಬಾಗಿಯ ಜಗಲಿಯಲ್ಲಿ ಮಲಗಿ ಇವಳು ಶಾಲೆಯ ಪಾಠವನ್ನು ಗಟ್ಟಿಯಾಗಿ ಓದುವಾಗಲೂ ಬಾಗಿ ಬಲೆ ತೇಪೆ ಹಾಕುತ್ತ ಹೀಗೇ ಹ್ಞೂಂಗುಟ್ಟುತ್ತಿದ್ದಳು. ಅಕ್ಬರನ ಆಡಳಿತಕ್ಕೂ ಹ್ಞೂಂ, ದ್ಯುತಿಸಂಶ್ಲೇಷಣೆಗೂ ಹ್ಞೂಂ. ತಿಳಿಯಿತೆಂದು ಅಲ್ಲ, ಓದುವ ಹುಡುಗಿ ಒಬ್ಬಳೇ ಆಗಬಾರದೆಂದು. ಮೂರನೆಯ ಹಾಳೆ ಮುಗಿಯಿತು. ಜಲಜಳ ಬೆರಳು ಅಂಚಿಗೆ ಹೋಗಿ ಎರಡು ಹಾಳೆಯನ್ನು ಒಟ್ಟಿಗೆ ಹಿಡಿಯಿತು. ಬೆರಳಿಗೆ ನೆನಪಿತ್ತು. ಕೋಣೆಯಲ್ಲಿ ಎಲ್ಲರೂ ಆ ಬೆರಳನ್ನೇ ನೋಡುತ್ತಿದ್ದರು, ಬಾಗಿಯೊಬ್ಬಳನ್ನು ಬಿಟ್ಟು. ಅವಳು ತನ್ನ ಬಲಗೈ ಹೆಬ್ಬೆರಳನ್ನು ಎಡಗೈಯಿಂದ ಮೆಲ್ಲಗೆ ಒರೆಸಿಕೊಳ್ಳುತ್ತಿದ್ದಳು.

ಜಲಜ ಹಾಳೆಗಳನ್ನು ಬಿಡಿಸಿದಳು. ಅಂಟಿಕೊಂಡೇನೂ ಇರಲಿಲ್ಲ, ಸುಲಭವಾಗಿ ಬಿಟ್ಟುಕೊಂಡವು. "ಒಂಬತ್ತು. ಸದರಿ ಉಳಿಕೆ ಜಾಗದಲ್ಲಿ ದುರ್..." ದನಿ ನಿಂತಿತು.

"ಮುಂದೆ ಓದಿ," ಎಂದರು ಹಿರಿಯರು.

"ಇಲ್ಲ."

"ಏನಿಲ್ಲ?"

"ಇದನ್ನು ಓದಲಿಲ್ಲ ಸಾರ್. ಅವತ್ತು ಎರಡು ಹಾಳೆ ಒಟ್ಟಿಗೆ ಮಗುಚಿದೆ." ಭೋಜರಾಜರ ಕುರ್ಚಿ ಕಿರ್ರೆಂದಿತು. "ಇವರು ಯಾರೂ ಹೇಳಿ ಮಾಡಿದ್ದಲ್ಲ. ನಾನೇ ಮಾಡಿದ್ದು."

"ಯಾಕೆ?"

ಇಷ್ಟು ದಿನ ಅವಳು ಹೆದರಿದ್ದು ಈ ಪ್ರಶ್ನೆಗೆ. ಅದಕ್ಕೆ ಅಚ್ಚಿನ ಕನ್ನಡದಲ್ಲಿ ಉತ್ತರವಿರಲಿಲ್ಲ. ಅವಳು ಕುರ್ಚಿಯನ್ನು ಬಾಗಿಯ ಕಡೆಗೆ ತಿರುಗಿಸಿಕೊಂಡಳು. ಹಾಳೆ ಕೈಯಲ್ಲೇ ಇತ್ತು. ಬಾಯಿ ತೆರೆದಾಗ ಬಂದ ದನಿಯನ್ನು ಅವಳು ಹದಿನೆಂಟು ವರ್ಷದಿಂದ ಕೇಳಿರಲಿಲ್ಲ.

"ದೊಡ್ಡಮ್ಮ, ಇಲ್ಲ್ ಬರ್ದದ್ ಎಂತ ಅಂದ್ರೆ, ಇನ್ ಮೇಲೆ ನಿಮ್ ಅಂಗ್ಳದಗೆ ನೀವ್ ಮೀನ್ ಒಣ್ಸುಕಿಲ್ಲೆ. ಆ ಗಾಳಿಮರದ್ ದಾರಿಯಗೆ ಮೀನ್ ಬುಟ್ಟಿ ತಕಂಡ್ ಹೋಪುಕಿಲ್ಲೆ, ಬಲಿ ತಕಂಡ್ ಹೋಪುಕಿಲ್ಲೆ. ಮೂವತ್ ವರ್ಷ. ಎಂತಕಂದ್ರೆ ಅದ್ ನಾತ ಅಂಬ್ರ್. ನಾತ ಅಂಬುದನ್ ದುರ್ವಾಸನೆ ಅಂದ್ ಮಾಡಿ ಬರ್ದದ್ ಇವ್ರಲ್ಲ, ನಾನೇ. ಅದನ್ ನಿಮ್ ಮುಖ ಕಂಡ್ಕಂಡ್ ಓದುಕೆ ನಂಗ್ ಆಯ್ಲಿಲ್ಲೆ."

ಜಿತೇಂದ್ರ ಅವಳನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. ನೋಡಲಿ ಎಂದು ಅನಿಸಿತು. ಆ ನೋಟ ಬಂದು ಮೈಗೆ ತಾಗಿತು, ತಾಗಿ ಬಿದ್ದುಹೋಯಿತು. ಇಷ್ಟು ವರ್ಷ ಹೆದರಿದ್ದಷ್ಟು ಭಾರವೇನೂ ಇರಲಿಲ್ಲ.

ಬಾಗಿ ಹೆಬ್ಬೆರಳು ಒರೆಸಿಕೊಳ್ಳುವುದನ್ನು ಬಿಟ್ಟಳು. ಆಮೇಲೆ ಜಿತೇಂದ್ರನ ಕಡೆ ತಿರುಗಿದಳು. "ಅಲ್ದಾ ಮಾರಾಯ್ರೆ, ನಿಮ್ ಗಿರಾಕಿ ಬಪ್ದ್ ಸಮುದ್ರ ಕಾಂಬುಕಾ, ಸಮುದ್ರದ್ ಬಾಯಿ ಮುಚ್ಚುಕಾ? ನಾತ ಇಲ್ದಿದ್ ಮೀನ್ ಯಾವ್ ಕಡಲಗಿತ್ತ್, ನಂಗೂ ಒಂಚೂರ್ ತೋರ್ಸಿ. ಹನ್ನೆರ್ಡ್ ಸೆಂಟ್ಸ್ ನಾನ್ ಕೊಟ್ಟಿದೆ, ಅದ್ರ ಮಾತ್ ತಪ್ಪುದಿಲ್ಲೆ. ಈ ಎಂಟನ್ ನಾನ್ ಕೊಡ್ಲಿಲ್ಲೆ. ಅಷ್ಟೇ." ಹಿರಿಯ ವಕೀಲರಿಗೆ ನಗು ತಡೆಯಲಾಗಲಿಲ್ಲ. ಧನ್ಯಶ್ರೀ ತಲೆ ತಗ್ಗಿಸಿ ಏನೋ ಬರೆದುಕೊಂಡಳು.

ಆಮೇಲಿನದು ಒಂದು ಗಂಟೆಯೊಳಗೆ ಮುಗಿಯಿತು. ಜಿತೇಂದ್ರ ಹೊರಗೆ ಹೋಗಿ ಫೋನಿನಲ್ಲಿ ಯಾರೊಡನೆಯೋ ಮಾತಾಡಿ ಬಂದ. ಕೇಸಿಗೆ ಹೋದರೆ ಇಡೀ ಕರಾರೇ ಬಿದ್ದುಹೋಗಬಹುದು ಎಂದು ಹಿರಿಯರು ಅವನಿಗೆ ಸಮಾಧಾನದಿಂದ ತಿಳಿಸಿದರು. ಒಂಬತ್ತನೆಯ ಷರತ್ತು ರದ್ದು, ಗೇಟು ಇವತ್ತೇ ತೆಗೆಯುವುದು, ಉಳಿದದ್ದು ಇದ್ದ ಹಾಗೆ. ರಾಜಿಪತ್ರ ಎರಡು ಹಾಳೆ. ಅದನ್ನು ಯಾರು ಓದಿ ಹೇಳುವುದು ಎಂಬ ಮಾತು ಬಂದಾಗ ಬಾಗಿ ಗಲ್ಲ ಎತ್ತಿ ಜಲಜಳನ್ನು ತೋರಿಸಿದಳು. ಭೋಜರಾಜರು ಕಿಟಕಿಯ ಹೊರಗೆ ನೋಡಿದರು. ಜಲಜ ಓದಿದಳು, ಒಂದು ಸಾಲು ಬರೆದ ಹಾಗೆ, ಅದೇ ಸಾಲು ಮತ್ತೆ ಮನೆಮಾತಿನಲ್ಲಿ. ಈ ಸಲ ಬಾಗಿ ಹ್ಞೂಂ ಎನ್ನಲಿಲ್ಲ. ಎರಡು ಕಡೆ ತಡೆದು ಪ್ರಶ್ನೆ ಕೇಳಿದಳು. ಒಂದು ಪ್ರಶ್ನೆಗೆ ಧನ್ಯಶ್ರೀಯೇ ಒಂದು ಪದ ಬದಲಾಯಿಸಬೇಕಾಯಿತು.

ಹೊರಗೆ ಮೆಟ್ಟಿಲ ಮೇಲೆ ಭೋಜರಾಜರು ಸ್ಕೂಟರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತಿದ್ದರು. "ಬೀಜಾಡಿಯಾ ನೀನ್? ಹದಿಮೂರ್ ವರ್ಷದಗೆ ಒಂದಿನ ಹೇಳ್ಲಿಲ್ಲೆ," ಎಂದರು. ಆ ಮಾತಿನಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಏನೋ ಕಳೆದುಕೊಂಡವರ ದನಿಯಿತ್ತು. "ನಾಳೆ ಬಾ. ಮಾತಾಡುವ." ಬಾ ಎಂದದ್ದು ಕೆಲಸಕ್ಕೋ ಲೆಕ್ಕ ಚುಕ್ತಾ ಮಾಡಲಿಕ್ಕೋ ತಿಳಿಯಲಿಲ್ಲ. ತಿಳಿಯದಿದ್ದರೂ ಜಲಜ ಮತ್ತೆ ಕೇಳಲು ಹೋಗಲಿಲ್ಲ. ಹಸಿವಾಯಿತು, ಬರೀ ಹಸಿವು. ಶಾಲೆಗೆ ಹೋಗಿ ಡಬ್ಬಿ ಕೊಟ್ಟರೆ, ಪ್ರಜ್ಞಾ ಗೆಳತಿಯರ ಮುಂದೆ ಮುಖ ಊದಿಸಿಕೊಂಡು ಬಂದು, "ಈಗ ಗಂಟೆ ಎಷ್ಟಾಯ್ತ್ ಅಮ್ಮ, ರಾತ್ರಿ ಊಟಕ್ ತಂದದ್ದಾ?" ಎಂದು ಕಸಿದುಕೊಂಡು ಓಡಿದಳು. ಜಲಜ ಬೀದಿಯಲ್ಲಿ ನಿಂತು ನಕ್ಕಳು. ಗೇಟಿನ ಹೊರಗೆ ನೆರಳಲ್ಲಿ ಬಾಗಿ ಕಾಯುತ್ತಿದ್ದಳು. ಬಾ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ, ಕೋರ್ಟಿನಿಂದ ಜೊತೆಗೇ ನಡೆದು ಬಂದಿದ್ದಳು.

ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಬಸ್ಸು ಕುಂದಾಪುರದ ಪೇಟೆ ದಾಟಿತು. ಆಮೇಲೆ ಜಲಜ, ಕಿಟಕಿಯ ಕಂಬಿಗೆ ಹೇಳುವವಳ ಹಾಗೆ, ಹೇಳಿದಳು: "ಗುರ್ತ ಸಿಕ್ಲಿಲ್ಲ ಅಂದಿದ್ರಿ."

"ಎಂತಕ್ ಸಿಕ್ದೆ? ನೀ ಬಾಯಿ ತೆಗುಕ್ ಮುಂಚೆ ಸಿಕ್ಕಿತ್ತ್. ಪದ್ದುದೇ ಮೂಗ್, ಅದನ್ ಎಲ್ಲ್ ಹುಗ್ಸಿಡ್ತೆ ನೀ?"

"ಹಾಳೆ ಬಿಟ್ಟದ್ದು?"

"ಓದುಕ್ ಬಾರ್ದಿದ್ರೆ ಎಣ್ಸುಕೂ ಬತ್ತಿಲ್ಯಾ ನಂಗೆ? ನೀ ಮಗ್ಚಿ ಮಗ್ಚಿ ಓದ್ದ್ ನಾಕ್. ಆ ಬೋಜ್ರಾಜ ನನ್ ಬೆರ್ಳ್ ಹಿಡ್ದ್ ಒತ್ಸಿದ್ ಐದ್ ಹಾಳಿಗೆ. ಮೀನ್ ಎಣ್ಸಿ ಮಾರ್ದವ್ಳ್ ನಾನ್. ಒಂದ್ ಹಾಳಿ ಹೆಚ್ಗಿ ಬಂತಲೆ ಅಂದೇಳಿ ಆಗ್ಳೇ ಗೊತ್ತಾಯ್ತ್."

"ಮತ್ತೆ ಕೇಣ್ಲಿಲ್ಲ ಎಂತಕೆ ದೊಡ್ಡಮ್ಮ?"

ಬಾಗಿ ಸೊಂಟದಿಂದ ಎಲೆ ಅಡಿಕೆಯ ಸಂಚಿ ತೆಗೆದಳು. ಬಸ್ಸು ಅಲುಗುತ್ತಿದ್ದುದರಿಂದ ಸುಣ್ಣ ಹಚ್ಚಲಿಕ್ಕೆ ಹೊತ್ತು ಹಿಡಿಯಿತು. "ಕೇಂಡ್ರೆ ನಿನ್ ಹೆಸ್ರ್ ಹಿಡ್ದೇ ಕೇಣ್ಕಿತ್ತಲೆ ಹೆಣೆ. ನೀ ನನ್ನ ಗುರ್ತ ಇಲ್ದವ್ರಂಗ್ ನಿಂತಿದ್ದೆ, ಮೈಯೆಲ್ಲ ಬಿಗಿ ಮಾಡ್ಕಂಡ್. ಆ ಕರ್ಚೀಪಿನವ್ನ್ ಎದ್ರಿಗೆ ನಿನ್ನ ಎಂತಕ್ ಸಣ್ಣ ಮಾಡುದ್ ಅಂದೇಳಿ ಸುಮ್ನಾದೆ. ಒಂದ್ ಹಾಳಿಯಗೆ ಎಂತ ಮಹಾ ಇಪ್ಪುಕ್ ಸಾಧ್ಯ ಅಂದ್ಕಂಡೆ, ಅದ್ ನನ್ ತಪ್ಪ್. ಲಾಯ್ರಮ್ಮನಿಗೂ ನಿನ್ ಗುರ್ತ ಹೇಳ್ಲಿಲ್ಲೆ. ನೀನಾಯ್ ಹೇಳಿರೆ ಹೇಳ್ತೆ, ಇಲ್ದಿದ್ರೆ ಇಲ್ಲ."

ಜಲಜ ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡಿದಳು. ಅವತ್ತು ಆ ಕೋಣೆಯಲ್ಲಿ ಕೈಲಾಗದವಳು ಯಾರೆಂದು ತನಗೆ ಚೆನ್ನಾಗಿ ಗೊತ್ತಿದೆ ಎಂದು ಅವಳು ತಿಳಿದಿದ್ದಳು. ಆದರೆ ಮಸಿ ಹತ್ತಿದ ಬೆರಳಿನ ಮುದುಕಿ ಎದುರಿಗೆ ಕುಳಿತು ತನ್ನ ಅಂಗಳವನ್ನೂ ದಾರಿಯನ್ನೂ ಒತ್ತೆಯಿಟ್ಟು, ಇವಳ ಮಾನ ಕಾದಿದ್ದಳು. ಅಳು ಬರಬೇಕಿತ್ತು. ಬಂದದ್ದು ಒಂದು ಉದ್ದನೆಯ ಉಸಿರು, ತಲೆಯ ಮೇಲಿನ ತುಂಬಿದ ಬುಟ್ಟಿಯನ್ನು ಯಾರೋ ಎರಡು ಕೈಯಿಂದ ಹಿಡಿದು ಇಳಿಸಿಕೊಂಡಾಗ ಬರುವಂಥದ್ದು.

ಬೀಜಾಡಿಯಲ್ಲಿ ಇಳಿದಾಗ ಹೊತ್ತು ಪಡುವಕ್ಕೆ ವಾಲಿತ್ತು. ಗೇಟಿನ ಒಂದು ಬದಿ ಕಳಚಿ ಹೊಯಿಗೆಯ ಮೇಲೆ ಮಲಗಿತ್ತು, ಇನ್ನೊಂದನ್ನು ಇಬ್ಬರು ಆಳುಗಳು ಬಿಚ್ಚುತ್ತಿದ್ದರು. ಬಾಗಿ ಮಲಗಿದ ಗೇಟನ್ನು ದಾಟಿ ಹೋದಳು, ಅದರ ಕಡೆ ನೋಡಲಿಲ್ಲ. ಗಾಳಿಮರಗಳಾಚೆ ಕೈರಂಪಣಿ ಬಲೆ ಎಳೆಯುತ್ತಿದ್ದರು, ದೋಣಿಯಲ್ಲಿ ಒಯ್ದು ಕಡಲಿಗೆ ಸುತ್ತು ಹಾಕಿದ ದೊಡ್ಡ ಬಲೆಯನ್ನು ದಂಡೆಯಿಂದ ಎರಡು ಹಗ್ಗ ಹಿಡಿದು ಜನ ಎಳೆಯುವುದು. ಹಗ್ಗಕ್ಕೆ ಕೈ ಹಾಕಿ ಎಳೆದ ಎಲ್ಲರಿಗೂ ಪಾಲು, ಎಷ್ಟು ಎಳೆದೆ ಎಂದು ಕೇಳುವ ಕ್ರಮವಿಲ್ಲ. ಏಳು ವರ್ಷದ ಜಲಜ ಹಗ್ಗದ ತುದಿಯಲ್ಲಿ, ಎಳೆಯುವುದಕ್ಕಿಂತ ಹೆಚ್ಚು ಜೋತುಬೀಳುತ್ತ ಬರುತ್ತಿದ್ದಳು. ಪಾಲು ಹಾಕುವ ಬಾಗಿ ಅವಳ ಲಂಗದ ಮಡಿಲಿಗೂ ಐದು ಬೈಗೆ ಹಾಕುತ್ತಿದ್ದಳು. ಎಲ್ಲಿಯೂ ಬರೆಯದ ಕರಾರು ಅದು, ಯಾರೂ ಯಾರಿಗೂ ಓದಿ ಹೇಳಿದ್ದಲ್ಲ.

"ಹ್ವಾಯ್ ಬಾಗಿಯಕ್ಕ, ಕೋರ್ಟಿಂದ್ ಬಪ್ದಾ? ಇದ್ಯಾರ್, ಲಾಯ್ರಾ?" ಹಗ್ಗದಲ್ಲಿದ್ದ ಕರಿಯ ಎಂಬ ಗಟ್ಟಿಯಾಳು ಕೂಗಿದ.

"ಲಾಯ್ರಲ್ಲ ಮಾರಾಯ, ನಮ್ ಪದ್ದು ಮಗ್ಳ್!" ಬಾಗಿ ಇಡೀ ದಂಡೆಗೆ ಕೇಳುವ ಹಾಗೆ ಹೇಳಿದಳು. ಬೆಳಿಗ್ಗೆಯಿಂದ ಜಲಜ ಹೆದರಿದ್ದ ಮಾತು ಅದೇ. ಅದು ಗಾಳಿಯಲ್ಲಿ ಹಾರಿ, ಅಲೆಯ ಸದ್ದಿನಲ್ಲಿ ಸೇರಿಹೋಯಿತು. "ಸೀರಿ ಎತ್ತಿ ಕಟ್ಟ್, ಬಾ," ಎಂದಳು ಅವಳಿಗೆ.

ಚಪ್ಪಲಿ ಕಳಚಿಟ್ಟು ಜಲಜ ಹಗ್ಗ ಹಿಡಿದಳು. ಒದ್ದೆ ಹಗ್ಗ ಅಂಗೈಯನ್ನು ಉಜ್ಜಿತು, ಹೊಯಿಗೆ ಕಾಲಡಿಯಿಂದ ಜಾರಿತು, ಮುಂದಿನವರು ಹೆಜ್ಜೆ ಹಿಂದಿಟ್ಟಾಗ ಇವಳೂ ಹಿಂದಿಟ್ಟಳು. ಎಷ್ಟು ಎಳೆದಳೋ ಗೊತ್ತಿಲ್ಲ. ಬಲೆ ಬಂದಾಗ ಅದರಲ್ಲಿ ಅಷ್ಟೇನೂ ಇರಲಿಲ್ಲ, ಬೈಗೆ, ಒಂದಿಷ್ಟು ಬಂಗಡೆ, ಬೇಡದ ಕಡಲಹುಲ್ಲು. ಬಾಗಿ ಕುಕ್ಕರುಗಾಲಲ್ಲಿ ಕುಳಿತು ಪಾಲು ಹಾಕಿದಳು. ಜಲಜಳ ಸರದಿ ಬಂದಾಗ ಮೇಲೆ ನೋಡದೆ ಕೈ ಚಾಚಿದಳು. ಜಲಜ, ಮಧ್ಯಾಹ್ನ ಉಂಡು ಖಾಲಿಯಾಗಿದ್ದ ತನ್ನ ಊಟದ ಡಬ್ಬಿಯ ಮುಚ್ಚಳ ತೆಗೆದು ಹಿಡಿದಳು.

ಹಿಂದಿರುಗುವ ಬಸ್ಸು ತುಂಬಿತ್ತು. ಆದರೂ ಕಿಟಕಿಯ ಬದಿಯ ಒಂದು ಸೀಟು ಸಿಕ್ಕಿತು. ಡಬ್ಬಿಯಲ್ಲಿ ಹಿಡಿಸದ ಎರಡು ಬಂಗಡೆಯನ್ನು ಕಾಗದದಲ್ಲಿ ಸುತ್ತಿದ್ದಳು, ಅದು ನೆನೆದು ಚೀಲದ ಮೂಲೆಯಿಂದ ಹನಿ ಬೀಳುತ್ತಿತ್ತು. ಪಕ್ಕದಲ್ಲಿ ಕುಳಿತ ಕಾಲೇಜು ಹುಡುಗಿ ತನ್ನ ಪುಸ್ತಕವನ್ನು ಮೆಲ್ಲನೆ ಆಚೆಗೆ ಸರಿಸಿಕೊಂಡಳು. ಜಲಜ ನೋಡಿದಳು. ಚೀಲವನ್ನು ಕಾಲ ಕೆಳಗೆ ತಳ್ಳಲಿಲ್ಲ, ಮಡಿಲಿಗೆ ಎತ್ತಿಕೊಂಡಳು. ಟಿಕೆಟು ಹರಿಯುತ್ತ ಬಂದ ಕಂಡಕ್ಟರು ಮೂಗು ಅರಳಿಸಿ ನಿಂತ.

"ಎಂತ ಮೀನಕ್ಕ? ಲಾಯ್ಕಿತ್ತ್ ಕಾಣತ್ತ್."

"ಬೈಗಿ," ಎಂದಳು ಜಲಜ. "ಈಗಷ್ಟೇ ಬಲಿ ಎಳ್ದದ್ದ್. ಬೀಜಾಡಿದ್."